ಎರಡನೆಯ ಸಾಕೆಟ್ಟು

ಅಕ್ಕನ ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಯಾವತ್ತೂ ನೆಟ್ಟಗಿರಲಿಲ್ಲ. ಗಾಳಿ ಬೀಸಿದಾಗ ಬಾವಿಯ ನೀರಿನ ಮೇಲೆ ಏಳುವ ಗೆರೆಗಳ ಹಾಗೆ ಸಣ್ಣಗೆ ಅಲೆಯಾಗಿರುತ್ತಿದ್ದವು. ಅವಳ ಬಲಗೈ ಚಿಕ್ಕಂದಿನಿಂದಲೇ ನಡುಗುತ್ತಿತ್ತು. ಜೋರಾಗಿ ಅಲ್ಲ, ಪಕ್ಕದಲ್ಲಿ ಕುಳಿತವರಿಗಷ್ಟೇ ಕಾಣುವಷ್ಟು. ದಿನಾ ಬೆಳಿಗ್ಗೆ ಅವ್ವ, ‘ಬಾ ಇಲ್ಲಿ, ನಾ ಹಚ್ತೀನಿ’ ಎಂದು ಕರೆಯುತ್ತಿದ್ದಳು. ಅಕ್ಕ ಹೋಗುತ್ತಿರಲಿಲ್ಲ. ‘ನನ್ನ ಹಣಿ, ನನ್ನ ಕೈ. ನಿಂಗೇನು ತ್ರಾಸು?’ ಎಂದು ಕನ್ನಡಿಯ ಮುಂದೆ ನಿಂತು ತಾನೇ ಹಚ್ಚಿಕೊಳ್ಳುತ್ತಿದ್ದಳು. ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದಳು, ಬೆರಳ ಸಂದಿಯಲ್ಲಿ ಬೂದಿಯ ಒಂದು ಕಣವೂ ಉಳಿಯದ ಹಾಗೆ. ಅವಳ ಕೆಲಸಕ್ಕೆ ಬೂದಿ, ಕೂದಲು, ಬೆವರು ಯಾವುದೂ ಆಗುತ್ತಿರಲಿಲ್ಲ.

ಅಕ್ಕ ದೊಡ್ಡ ಕಂಪ್ಯೂಟರುಗಳನ್ನು ಕಟ್ಟುತ್ತಿದ್ದಳು. ಮನೆಯಲ್ಲಿ ಮಕ್ಕಳು ಆಡುವಂಥವಲ್ಲ. ಒಂದೇ ಬೋರ್ಡಿನ ಮೇಲೆ ಎರಡು ಪ್ರೊಸೆಸರ್ ಕೂರುವಂಥವು. ಆ ಬೋರ್ಡು ಎಷ್ಟು ಅಗಲವೆಂದರೆ ಸಾಮಾನ್ಯ ಕ್ಯಾಬಿನೆಟ್ಟಿನೊಳಗೆ ಹಿಡಿಯುವುದೇ ಇಲ್ಲ. ರೊಟ್ಟಿ ಬಡಿಯುವ ಮರದ ಕೊಣಮಿಗೆಯಷ್ಟು ದೊಡ್ಡದು ಎಂದು ಅವ್ವ ಹೇಳುತ್ತಿದ್ದಳು.

ನಮ್ಮದು ಬೀದರ ಕಡೆಯ ಮನೆತನ. ಅಪ್ಪ ಅಲ್ಲಿಂದ ತೊಗರಿಬೇಳೆ ತರಿಸಿ ನಾಸಿಕ್ ರೋಡ್ ಎಂಬ ಈ ಸ್ಟೇಶನ್ ಊರಿನಲ್ಲಿ ಮಾರುತ್ತಿದ್ದ. ಅಕ್ಕ ಇಲ್ಲೇ ಬೆಳೆದು ಮರಾಠಿ ಶಾಲೆಯಲ್ಲಿ ಕಲಿತಳು. ನನ್ನನ್ನು ಬೀದರದಲ್ಲಿ ಅಜ್ಜನ ಮನೆಯಲ್ಲಿ ಬಿಟ್ಟಿದ್ದರು. ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದೆ. ಎಂಟನೆಯದರಲ್ಲಿ ಕುಳಿತು ಎದ್ದು ಇಲ್ಲಿಗೆ ಓಡಿಬಂದೆ. ಆಮೇಲೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇದನ್ನು ಬರೆಯುತ್ತಿರುವುದೂ ಆ ಏಳು ಇಯತ್ತೆಯ ಕನ್ನಡದಲ್ಲೇ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಕ್ಕನಿಗೆ ಮದುವೆ ಆಗಲಿಲ್ಲ. ಅದಕ್ಕೂ ಆ ಕೈಯೇ ಕಾರಣ. ನೋಡಲು ಬಂದವರ ಮುಂದೆ ಹುಡುಗಿ ಅವಲಕ್ಕಿಯ ತಟ್ಟೆ ತಂದು ಇಡಬೇಕು, ಈ ಸೀಮೆಯ ಪದ್ಧತಿ ಅದು. ಅಕ್ಕ ತಟ್ಟೆ ಹಿಡಿದು ಬಂದರೆ ಅದರ ಮೇಲಿನ ಚಮಚೆಗಳು ಗಿಣಿಗಿಣಿ ಎನ್ನುತ್ತಿದ್ದವು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೀಗೆ ಕೆಲವು ಸಲ ಆದ ಮೇಲೆ ಒಂದು ದಿನ ಬಂದವರ ಎದುರೇ, ‘ಕೈ ನೋಡೋದು ಮುಗೀತಲ್ರಿ? ಇನ್ನ ಅವಲಕ್ಕಿ ತಿನ್ರಿ, ಆರ್ತದ’ ಎಂದುಬಿಟ್ಟಳು. ಅಲ್ಲಿಗೆ ಆ ಮಾತು ನಿಂತಿತು.

ಅವಳು ಎಲೆಕ್ಟ್ರಾನಿಕ್ಸ್ ಕೋರ್ಸು ಮುಗಿಸಿ ದೇವಳಾಲಿಯ ಮಿಲಿಟರಿ ಕ್ಯಾಂಪಿನ ಒಂದು ರಿಪೇರಿ ಅಂಗಡಿಗೆ ಸೇರಿದಳು. ಫೌಜಿ ಮನೆಯವರ ಹಳೆಯ ಕಂಪ್ಯೂಟರುಗಳು ಬರುತ್ತಿದ್ದವು. ಅಲ್ಲಿ ಕೆಲಸ ಕಲಿತ ಮೇಲೆ ನಾಸಿಕ್ ರೋಡಿನ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ತನ್ನದೇ ಅಂಗಡಿ ತೆರೆದಳು. ಅಪ್ಪ ಆಗ ತೀರಿಕೊಂಡಿದ್ದ. ನಾನು ಹೋಟೆಲು, ಟೆಂಪೊ, ಪೇಂಟಿಂಗು ಎಲ್ಲ ಮಾಡಿ ಎಲ್ಲಿಯೂ ನಿಲ್ಲದೆ ಮನೆಗೆ ಬಂದು ಬಿದ್ದಿದ್ದೆ. ‘ನಾಳಿಂದ ಅಂಗಡಿಗೆ ಬಾ, ನಿನ್ನ ಹೊರಗ ಬಿಟ್ರ ಹಾಳಾಗ್ತಿ’ ಎಂದಳು. ಸಂಬಳದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ನನ್ನ ಕೆಲಸ ಟಾರ್ಚು ಹಿಡಿಯುವುದು, ಸ್ಕ್ರೂ ಕೊಡುವುದು, ಪೆಟ್ಟಿಗೆ ಹೊರುವುದು. ಬೋರ್ಡು ಮುಟ್ಟುವ ಹಾಗಿರಲಿಲ್ಲ. ಆದರೆ ನೋಡುವುದನ್ನು ಅವಳು ನನಗೆ ಕಲಿಸಿದಳು. ಪ್ರೊಸೆಸರ್ ಕೂರುವ ಚೌಕಕ್ಕೆ ಸಾಕೆಟ್ಟು ಎನ್ನುತ್ತಾರೆ. ಅದರಲ್ಲಿ ಕೂದಲಿಗಿಂತ ತೆಳುವಾದ ಸಾವಿರಾರು ಪಿನ್ನುಗಳು ಒತ್ತೊತ್ತಾಗಿ ನಿಂತಿರುತ್ತವೆ. ಅದರ ಮೇಲೆ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಹೊಸ ಬೋರ್ಡು ಬಂದ ಕೂಡಲೇ ಅಕ್ಕ ಅದನ್ನು ಬಾಗಿಲ ಬಿಸಿಲಿಗೆ ತಂದು, ಮುಚ್ಚಳ ತೆಗೆದು, ಮೆಲ್ಲಗೆ ಓರೆ ಮಾಡುತ್ತಿದ್ದಳು. ‘ನೋಡು ತಮ್ಮಾ, ಗಾಳಿಗಿ ಬಾಗಿದ ಜ್ವಾಳದ ಬೆಳಿ ಹ್ಯಾಂಗ ಕಾಣ್ತದ? ಎಲ್ಲಾ ಒಂದೇ ಕಡಿ ಮಿಂಚಬೇಕು. ಎಲ್ಲಿ ಮಿಂಚು ಒಡೀತದೊ ಅಲ್ಲಿ ಪಿನ್ನು ಬಾಗೇದ ಅಂತ ತಿಳ್ಕೊ.’ ಒಮ್ಮೆ ನೋಡಿ ಮುಚ್ಚಿದರೆ ಮುಗಿಯಿತು. ಮತ್ತೆ ಪ್ರೊಸೆಸರ್ ಕೂರಿಸುವಾಗಲೇ ತೆಗೆಯುವುದು. ತೆಗೆದಷ್ಟು ಸಲ ಅಪಾಯ ಎನ್ನುತ್ತಿದ್ದಳು.

ಪ್ರೊಸೆಸರ್ ಕೂರಿಸುವಾಗ ಅವಳನ್ನು ನೋಡಬೇಕಿತ್ತು. ಬಲಗೈಯ ಬಳೆ ತೆಗೆದಿಡುತ್ತಿದ್ದಳು. ಮಣಿಕಟ್ಟನ್ನು ಕ್ಯಾಬಿನೆಟ್ಟಿನ ಅಂಚಿಗೆ ಊರುತ್ತಿದ್ದಳು. ಎರಡು ಬೆರಳಲ್ಲಿ ಪ್ರೊಸೆಸರಿನ ಅಂಚು ಹಿಡಿದು, ಉಸಿರು ಒಳಗೆ ಎಳೆದುಕೊಂಡು ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ನಡುಕ ಎಲ್ಲಿ ಹೋಗುತ್ತಿತ್ತೋ ತಿಳಿಯದು. ನೇರ ಕೆಳಗೆ ಇಳಿಸಿ ಬಿಡುತ್ತಿದ್ದಳು. ಒತ್ತುತ್ತಿರಲಿಲ್ಲ, ಸರಿಸುತ್ತಿರಲಿಲ್ಲ. ಸಾಕೆಟ್ಟಿನ ಪಕ್ಕದ ಲಿವರ್ ಎಂಬ ಕಡ್ಡಿಯನ್ನು ಅದುಮಿ ಬಿಗಿಯುತ್ತಿದ್ದಳು. ಆಮೇಲೆ ಉಸಿರು ಬಿಟ್ಟಾಗ ಕೈ ಮತ್ತೆ ತನ್ನ ಪಾಡಿಗೆ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದು ಪಿನ್ನೂ ಬಾಗಿರಲಿಲ್ಲ. ಹೆಚ್ಚು ಮಾತಿನವಳಲ್ಲ, ಮೆಚ್ಚಿ ಮಾತಾಡುವವಳಂತೂ ಅಲ್ಲವೇ ಅಲ್ಲ. ಆದರೆ ಯಾರಾದರೂ ಹೊಸ ಗಿರಾಕಿ ಅವಳ ಕೈ ಕಡೆ ಸಂಶಯದಿಂದ ನೋಡಿದರೆ, ‘ಒಂದು ಪಿನ್ನು ಬಾಗಿಸಿದ್ದು ತೋರಿಸ್ರಿ, ಅಂಗಡಿ ಬರದು ಕೊಡ್ತೀನಿ’ ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವಳ ಬದುಕು ನಿಂತಿತ್ತು.

ಸಂಭಾಜಿನಗರದಲ್ಲಿ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು, ಕಲಬುರಗಿ ಕಡೆಯ ಒಬ್ಬ ಸಾಹುಕಾರರಿದ್ದರು. ಪ್ಲಾಸ್ಟಿಕ್ ಸಾಮಾನು ಎರಕ ಹೊಯ್ಯುವ ಅಚ್ಚುಗಳನ್ನು ಮಾಡುವ ಕಾರ್ಖಾನೆ ಅವರದು. ಕಬ್ಬಿಣ ಕೊರೆಯುವ ಮೊದಲು ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲೇ ನೋಡಬೇಕು. ಸಣ್ಣ ಕಂಪ್ಯೂಟರು ಅದಕ್ಕೆ ಇಡೀ ದಿನ ತೆಗೆದುಕೊಳ್ಳುತ್ತಿತ್ತು. ಯಾರೋ ಅಕ್ಕನ ಹೆಸರು ಹೇಳಿ ಕಳಿಸಿದ್ದರು. ಮೊದಲ ಸಲ ಬಂದಾಗ ಅವರು ಅಂಗಡಿಯ ಬಾಗಿಲಲ್ಲೇ ನಿಂತು, ‘ಮಾಲಕರು ಎಲ್ಲಿದ್ದಾರ್ರಿ?’ ಎಂದು ನನ್ನನ್ನು ಕೇಳಿದರು. ನಾನು ಅಕ್ಕನ ಕಡೆ ಕೈ ತೋರಿಸಿದೆ.

‘ಎರಡು ಪ್ರೊಸೆಸರ್ ಅಂದ್ರ ಎರಡು ಪಟ್ಟು ಜೋರು ಏನ್ರಿ ಅಕ್ಕೋರ?’ ಎಂದು ಕೇಳಿದರು.

‘ಹಂಗ ಅಲ್ರಿ ಸಾವ್ಕಾರ್ರ. ಒಂದೇ ಮನ್ಯಾಗ ಇಬ್ಬರು ಸೊಸ್ತೇರು ಅಂತ ತಿಳ್ಕೋರಿ. ಇಬ್ಬರಿಗೂ ಬ್ಯಾರೆ ಬ್ಯಾರೆ ಒಲಿ, ಬ್ಯಾರೆ ಬ್ಯಾರೆ ಡಬ್ಬಿ. ನಡುವ ಒಂದು ಬಾಗಿಲಾ. ಎಲ್ಲಾ ಡಬ್ಬಿ ಒಬ್ಬಾಕಿ ಕಡೀನೇ ಇಟ್ರ ಇನ್ನೊಬ್ಬಾಕಿ ಹಿಟ್ಟು ಕೇಳ್ಲಾಕ ತಿರುಗ್ಯಾಡೋದೇ ಆಯ್ತದ. ರ್ಯಾಮ್ ಇಬ್ಬರಿಗೂ ಸಮ ಹಂಚಬೇಕು.’

‘ಇಬ್ಬರು ಸೊಸ್ತೇರು ಅಂತೀರಿ, ಜಗಳ ಆಡಂಗಿಲ್ಲೇನ್ರಿ?’

‘ಅದಕ್ಕೇ ಇಬ್ಬರನೂ ಒಂದೇ ಮನೀಲಿಂದ ತರಬೇಕ್ರಿ. ಒಂದೇ ಜಾತಿ, ಒಂದೇ ನಮೂನಿ. ಒಬ್ಬಾಕಿ ಬ್ಯಾರೆ ಇದ್ರ ಮನಿ ನಡ್ಯಂಗಿಲ್ಲ.’

ಸಾಹುಕಾರರು ನಕ್ಕರು. ‘ನಮ್ಮ ಮನ್ಯಾಗೂ ನೀವೇ ಬಂದು ಜೋಡಿಸಿಕೊಡ್ರಿ’ ಎಂದರು. ಅವತ್ತಿನಿಂದ ಅವರು ಅಕ್ಕನ ದೊಡ್ಡ ಗಿರಾಕಿಯಾದರು. ಅವರ ಮಾತಿನಿಂದ ಬೇರೆ ಕಾರ್ಖಾನೆಗಳವರೂ ಬಂದರು. ಪೈಠಣದಿಂದ ಪೈಠಣಿ ಸೀರೆಯ ನಕ್ಷೆ ಮಾಡುವ ಒಬ್ಬ ಹುಡುಗನೂ ಬಂದ.

ಸಂಭಾಜಿನಗರಕ್ಕೆ ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು. ಜೋಡಿಸಿದ ಯಂತ್ರವನ್ನು ಒಯ್ದರೆ ಪ್ರೊಸೆಸರಿನ ಮೇಲಿನ ಫ್ಯಾನುಗಳ ಭಾರಕ್ಕೆ ರಸ್ತೆಯ ಕುಲುಕಾಟದಲ್ಲಿ ಬೋರ್ಡು ಬಾಗುತ್ತದೆ. ಆದ್ದರಿಂದ ಅಕ್ಕ ಎಲ್ಲವನ್ನೂ ಬೇರೆ ಬೇರೆಯಾಗಿ ಒಯ್ದು ಗಿರಾಕಿಯ ಎದುರೇ ಜೋಡಿಸುತ್ತಿದ್ದಳು. ಉಳಿದ ಪೆಟ್ಟಿಗೆಗಳು ನನ್ನ ಕಾಲ ಬಳಿ, ಬೋರ್ಡಿನ ಪೆಟ್ಟಿಗೆ ಮಾತ್ರ ಅವಳ ತೊಡೆಯ ಮೇಲೆ. ಮೇಲೆ ಇಡಿ ಎಂದು ಕಂಡಕ್ಟರ್ ಗದರಿದರೂ ಇಡುತ್ತಿರಲಿಲ್ಲ. ಒಮ್ಮೆ ಅವನು, ‘ದೇವ್ ಆಹೇ ಕಾ ತಾಯಿ ಆತ್?’ ಎಂದು ಚಾಷ್ಟಿ ಮಾಡಿದ, ಒಳಗೆ ದೇವರಿದ್ದಾನೆಯೇ ಅಕ್ಕಾ ಎಂದು. ಅಕ್ಕ, ‘ಹೋ’, ಹೌದು, ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡತೊಡಗಿದಳು. ಅವನು ಕೈ ಮುಗಿದು ಮುಂದೆ ಹೋದ. ದಾರಿಯ ಯೇವಲಾ ಊರು ದಾಟುವ ತನಕ ಅವಳು ನಗು ತಡೆದುಕೊಂಡಿದ್ದಳು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ.

ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಅಪ್ಪ ತಕ್ಕಡಿಗೆ ಮಾಡುತ್ತಿದ್ದ. ಅಕ್ಕ ಸ್ಕ್ರೂ ಡ್ರೈವರು, ಚಿಮಟ, ಭೂತಗನ್ನಡಿಗಳನ್ನು ಸಾಲಾಗಿ ಇಟ್ಟು ವಿಭೂತಿ ಹಚ್ಚಿ, ಚೆಂಡುಹೂ ಇಡುತ್ತಿದ್ದಳು. ಬೋರ್ಡುಗಳಿಗೆ ಮಾತ್ರ ಪೆಟ್ಟಿಗೆಯ ಮೇಲೇ ಪೂಜೆ. ಪೆಟ್ಟಿಗೆ ತೆರೆಯುವ ಹಾಗಿಲ್ಲ. ಅವ್ವನಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ‘ರಟ್ಟಿಗಿ ಪೂಜಿ ಮಾಡಿದ್ರ ಒಳಗಿಂದುಕ್ಕ ಮುಟ್ತದೇನು?’ ಎಂದು ಪ್ರತಿ ವರ್ಷ ಗೊಣಗುತ್ತಿದ್ದಳು.

ಆ ವರ್ಷ ಸಾಹುಕಾರರಿಗೆಂದು ಬಂದಿದ್ದ ಬೋರ್ಡು ಅದುವರೆಗೆ ಅಕ್ಕ ಕೈ ಹಾಕಿದ್ದರಲ್ಲೇ ದೊಡ್ಡದು. ದಸರೆಯ ಮರುದಿನ ಒಯ್ದು ಜೋಡಿಸಬೇಕಿತ್ತು. ಅಕ್ಕ ಅದನ್ನು ಬಿಸಿಲಿಗೆ ಹಿಡಿದು ನೋಡಿ ಮುಚ್ಚಿ ಇಟ್ಟಿದ್ದಳು. ನವಮಿಯ ಬೆಳಿಗ್ಗೆ ಅವಳು ಹೂ ತರಲು ಪೇಟೆಗೆ ಹೋದಳು. ಅಂಗಡಿಯಲ್ಲಿ ನಾನೊಬ್ಬನೇ. ಕಸ ಹೊಡೆದೆ, ಸಾಮಾನು ಒರೆಸಿಟ್ಟೆ. ಅವ್ವನ ಮಾತು ತಲೆಯಲ್ಲಿತ್ತು. ಇಷ್ಟು ದೊಡ್ಡ ಕೆಲಸ, ದೇವರ ಬೂದಿ ಒಂದಿಷ್ಟು ಒಳಗೂ ಮುಟ್ಟಲಿ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ ಅಷ್ಟು ವರ್ಷ ಟಾರ್ಚು ಹಿಡಿದವನಿಗೆ ಒಮ್ಮೆಯಾದರೂ ಆ ಬೋರ್ಡು ಮುಟ್ಟಬೇಕೆಂಬ ಆಸೆ. ನನ್ನ ಕೈ ನಡುಗುವುದಿಲ್ಲವಲ್ಲ ಎಂಬ ಗರ್ವವೂ ಇತ್ತು.

ಪೆಟ್ಟಿಗೆ ತೆರೆದೆ. ಮುಚ್ಚಳದ ಮೇಲೆ ಹಚ್ಚಿದರೆ ಅದೂ ರಟ್ಟಿಗೆ ಹಚ್ಚಿದಂತೆಯೇ ಎನ್ನಿಸಿ ಎರಡನೆಯ ಸಾಕೆಟ್ಟಿನ ಮುಚ್ಚಳವನ್ನೂ ತೆಗೆದೆ. ಪಿನ್ನುಗಳಿಗೆ ಹಚ್ಚಬಾರದೆಂದು ನನಗೆ ಗೊತ್ತಿತ್ತು. ಸುತ್ತಲಿನ ಲೋಹದ ಚೌಕಟ್ಟಿಗೆ ಮೂರು ಬೆರಳು ತಾಗಿಸಿದೆ. ವಿಭೂತಿ ಒಣಗಿತ್ತು. ಬೆರಳಿನಿಂದ ಉದುರಿ ಪಿನ್ನುಗಳ ಮೇಲೆ ಬಿತ್ತು. ಊದಿದೆ, ಹೋಗಲಿಲ್ಲ. ಅಲ್ಲೇ ಒರೆಸಲು ಇಟ್ಟುಕೊಂಡಿದ್ದ ಅವ್ವ ಉಡುತ್ತಿದ್ದ ಹಳೆಯ ಪತ್ತಲದ ತುಂಡಿತ್ತು. ಅದರ ತುದಿಯನ್ನು ಮೆಲ್ಲಗೆ ಆಡಿಸಿದೆ. ಬೂದಿ ಹೋಯಿತು. ಆದರೆ ಬಟ್ಟೆ ಎತ್ತುವಾಗ ಒಂದು ನೂಲು ಎಲ್ಲೋ ಸಿಕ್ಕಿ ಜಗ್ಗಿದ್ದು ಬೆರಳಿಗೆ ತಿಳಿಯಿತು.

ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದೆ. ಒಂದು ಮೂಲೆಯಲ್ಲಿ ಮಿಂಚು ಒಡೆದಿತ್ತು.

ಮುಚ್ಚಳ ಹಾಕಿದೆ. ಪೆಟ್ಟಿಗೆ ಮುಚ್ಚಿದೆ. ಅಕ್ಕ ಹೂವಿನ ಪೊಟ್ಟಣ ಹಿಡಿದು ಬಂದಳು. ಪೆಟ್ಟಿಗೆಯ ಮೇಲೆ ಮೂರು ಅಲೆಯ ಗೆರೆ ಎಳೆದಳು, ಹೂ ಇಟ್ಟಳು. ‘ಕೈ ಮುಗಿ’ ಎಂದಳು. ಮುಗಿದೆ. ಹೇಳುವುದಾಗಿದ್ದರೆ ಆಗಲೇ ಹೇಳಬೇಕಿತ್ತು. ಬಯ್ಯುತ್ತಿದ್ದಳು, ಒಂದು ಏಟೂ ಕೊಡುತ್ತಿದ್ದಳೇನೋ. ಬೇರೆ ಬೋರ್ಡು ತರಿಸುತ್ತಿದ್ದಳು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಾನು, ಬಹುಶಃ ಅಷ್ಟೇನೂ ಬಾಗಿರಲಿಕ್ಕಿಲ್ಲ, ಪ್ರೊಸೆಸರ್ ಕೂತರೆ ಸರಿಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೇವರು ನೋಡಿಕೊಳ್ಳುತ್ತಾನೆ ಎಂದೂ ಅಂದುಕೊಂಡೆ. ಬೂದಿ ಅವನದೇ ಅಲ್ಲವೇ.

ಸಾಹುಕಾರರ ಕಾರ್ಖಾನೆಯ ಆಫೀಸಿನ ಕೋಣೆಯಲ್ಲಿ ಅಕ್ಕ ಎಂದಿನಂತೆ ಬಳೆ ತೆಗೆದಿಟ್ಟು ಕೆಲಸ ಶುರು ಮಾಡಿದಳು. ನಾನು ಟಾರ್ಚು ಹಿಡಿದು ನಿಂತಿದ್ದೆ. ಸಾಹುಕಾರರು ಕುರ್ಚಿ ಎಳೆದುಕೊಂಡು ಹತ್ತಿರವೇ ಕುಳಿತಿದ್ದರು. ತಾನೇ ನೋಡಿ ಮುಚ್ಚಿದ ಬೋರ್ಡೆಂದು ಅವಳು ಸಾಕೆಟ್ಟನ್ನು ಮತ್ತೆ ಓರೆ ಮಾಡಿ ನೋಡಲಿಲ್ಲ. ಮೊದಲನೆಯದು ಕೂತಿತು. ಎರಡನೆಯದೂ ಕೂತಿತು. ರ್ಯಾಮ್ ಎರಡೂ ಕಡೆ ಸಮವಾಗಿ ಹಾಕಿ, ಫ್ಯಾನು ಬಿಗಿದು, ಗುಂಡಿ ಒತ್ತಿದಳು. ಪರದೆಯ ಮೇಲೆ ಅರ್ಧ ರ್ಯಾಮ್ ಮಾತ್ರ ಕಂಡಿತು. ಎರಡನೆಯ ಕಡೆ ಸತ್ತ ಹಾಗೆ ಬಿದ್ದಿತ್ತು.

ಎಲ್ಲ ಬಿಚ್ಚಿದಳು. ಭೂತಗನ್ನಡಿ ಹಿಡಿದು ಎರಡನೆಯ ಸಾಕೆಟ್ಟಿನೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಕನ್ನಡಿ ಕೆಳಗಿಟ್ಟು ತನ್ನ ಬಲಗೈಯನ್ನು ನೋಡಿಕೊಂಡಳು, ಯಾರದೋ ಕೈ ಎಂಬಂತೆ.

‘ಏನಾತ್ರಿ ಅಕ್ಕೋರ?’

‘ಪಿನ್ನು ಬಾಗ್ಯಾವ್ರಿ.’

‘ಕಂಪನೀದು ಖರಾಬ್ ಬಂದಿರಬೇಕು.’

‘ಇಲ್ರಿ. ನಾ ನೋಡಿ ಇಟ್ಟಿದ್ದೆ. ಈಗ ನನ್ನ ಕೈಲೇ ಆಗ್ಯಾದ.’

ಸಾಹುಕಾರರು ಕೆಟ್ಟವರಲ್ಲ. ಬಯ್ಯಲಿಲ್ಲ. ಮೆತ್ತಗೆ ಹೇಳಿದರು: ‘ವಯಸ್ಸು ಯಾರಿಗೂ ಬಿಡಂಗಿಲ್ರಿ. ಇನ್ನ ಇಂಥ ನಾಜೂಕ ಕೆಲಸ ಬಿಡೋದು ಚಲೋ, ನಿಮಗೂ ತ್ರಾಸು.’ ಅಕ್ಕ ತಲೆಯಾಡಿಸಿದಳು. ನನ್ನ ಕೈಯಲ್ಲಿ ಟಾರ್ಚು ಉರಿಯುತ್ತಲೇ ಇತ್ತು. ‘ಆರಿಸೊ, ಸೆಲ್ಲು ಹೋಗ್ತದ’ ಎಂದಳು. ಆರಿಸಿದೆ. ನಾನು ಮಾಡಿದ್ದು ಅಷ್ಟೇ.

ಬಾಗಿದ ಪಿನ್ನಿಗೆ ಕಂಪನಿ ಹೊಣೆ ಹೊರುವುದಿಲ್ಲ. ನಷ್ಟ ಅಕ್ಕನ ಮೇಲೆ ಬಂತು. ಅದು ಹೇಗೋ ತೀರಿತು. ತೀರದೆ ಉಳಿದದ್ದು ಬೇರೆ. ಅವಳು ಮತ್ತೆ ಎರಡು ಪ್ರೊಸೆಸರಿನ ಬೋರ್ಡು ಮುಟ್ಟಲಿಲ್ಲ. ಬಂದವರಿಗೆ, ‘ಈಗ ಮಾಡಂಗಿಲ್ರಿ’ ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಕೇಳಿ ಬರುವವರೂ ನಿಂತರು. ಸಂಭಾಜಿನಗರದಲ್ಲಿ ಸುದ್ದಿ ಹರಡಿತ್ತು, ಆ ಅಕ್ಕನ ಕೈ ಕೆಟ್ಟಿದೆ ಎಂದು. ಚಿಮಟ, ಭೂತಗನ್ನಡಿ ಎಲ್ಲ ಡಬ್ಬಿಗೆ ಹಾಕಿ ಮೇಲೆ ಇಟ್ಟಳು. ಸಣ್ಣ ಕಂಪ್ಯೂಟರಿಗೆ ವಿಂಡೋಸ್ ಹಾಕುವುದು, ಪ್ರಿಂಟರಿಗೆ ಶಾಯಿ ತುಂಬುವುದು ಇಷ್ಟೇ ಮಾಡುತ್ತಿದ್ದಳು. ಕೈಯಿಂದ ಏನಾದರೂ ಜಾರಿ ಬಿದ್ದರೆ ‘ಹಾಳಾದ್ದು’ ಎಂದು ಎಡಗೈಯಿಂದ ಬಲಗೈಗೆ ಹೊಡೆದುಕೊಳ್ಳುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅವಳು ಹಿಂದೆ ಸರಿದ ಮೇಲೆ ನಾನು ಅಂಗಡಿಯಲ್ಲಿ ಮುಂದೆ ಬಂದೆ. ಮೊಬೈಲ್ ಕವರು, ಚಾರ್ಜರು, ಕೇಬಲ್ಲು ತಂದು ತೂಗುಹಾಕಿದೆ. ಕ್ಯಾಮೆರಾ ಕೂರಿಸುವ ಕೆಲಸ ಹಿಡಿದೆ. ಇವು ನನಗೆ ತಿಳಿಯುವ ಕೆಲಸಗಳು. ಗಲ್ಲಿಯವರು ನನಗೆ ಸೇಠ್ ಎನ್ನತೊಡಗಿದರು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಿದ್ದವನು ಹೋಗುತ್ತ ಹೋಗುತ್ತ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ಅವ್ವ ತೀರಿಕೊಂಡಳು. ರಟ್ಟಿಗೆ ಪೂಜೆ ಮಾಡುವುದರ ಬಗ್ಗೆ ಗೊಣಗುವವರೂ ಇಲ್ಲವಾದರು.

ಹೋದ ವರ್ಷ ಅಕ್ಕನಿಗೆ ಎದೆಯ ಕಾಯಿಲೆ ಹತ್ತಿತು. ಹೃದಯಕ್ಕೆ ಶಕ್ತಿಯಿಲ್ಲ, ಕಾಲಿನಲ್ಲಿ ನೀರು ತುಂಬುತ್ತಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನರ್ಸು ಸೂಜಿ ಚುಚ್ಚಲು ಬಂದಳು. ಎಡಗೈಯ ನರ ಊದಿಕೊಂಡಿತ್ತು. ಬಲಗೈ ನಡುಗುತ್ತಿದ್ದುದರಿಂದ ನರ ಸಿಗಲಿಲ್ಲ. ಎರಡು ಮೂರು ಸಲ ಚುಚ್ಚಿ, ‘ದುಖ್ತಂಯ್ ಕಾ ಮಾವಶಿ?’ ಎಂದು ಕೇಳಿದಳು, ನೋಯುತ್ತದೆಯೇ ಎಂದು. ಅಕ್ಕ ಮರಾಠಿಯಲ್ಲೇ ಹೇಳಿದಳು, ‘ಚುಚ್ಚು ಮಗಳೇ, ಎಷ್ಟು ಬೇಕೋ ಅಷ್ಟು ಚುಚ್ಚು. ಆ ಕೈ ಅದಕ್ಕೇ ಲಾಯಕ್ಕು.’

ನರ್ಸು ನಗುತ್ತ ಹೋದಳು. ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಎದ್ದು ಮಂಚದ ಪಕ್ಕದಲ್ಲಿ ನಿಂತೆ. ಹೇಗೆ ಶುರು ಮಾಡಿದೆನೋ ತಿಳಿಯದು. ಎಲ್ಲ ಹೇಳಿದೆ. ವಿಭೂತಿ, ಬಟ್ಟೆ, ನೂಲು, ಬಿಸಿಲು, ಎಲ್ಲ.

ಅವಳು ಅಳಲಿಲ್ಲ, ಕೂಗಲಿಲ್ಲ. ಕೇಳಿದ್ದು ಇದು:

‘ಯಾವ ಮೂಲಿ?’

‘ಲಿವರ್ ಕಡೀದು. ಕೆಳಗಿಂದು.’

‘ಬಟ್ಟಿ ಯಾವುದು?’

‘ಅವ್ವನ ಪತ್ತಲದ್ದು.’

ಅವಳು ಕಣ್ಣು ಮುಚ್ಚಿಕೊಂಡಳು. ಆ ಸಾಕೆಟ್ಟನ್ನು ಮನಸ್ಸಿನಲ್ಲೇ ಮತ್ತೆ ಭೂತಗನ್ನಡಿಯಿಂದ ನೋಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಆಮೇಲೆ ಹೇಳಿದಳು, ‘ಹೌದು. ಜಗ್ಗಿದಂಗೇ ಇದ್ದವು. ಪ್ರೊಸೆಸರ್ ಕೈ ಜಾರಿ ಮ್ಯಾಲಿಂದ ಬಿದ್ರ ಪಿನ್ನು ಒತ್ತಿ ಹೋಗ್ತಾವ. ಅವು ಮ್ಯಾಲಕ್ಕೆದ್ದಿದ್ದವು. ನನಗ ಆಗಲೇ ತಿಳೀಬೇಕಿತ್ತು.’

‘ಅಕ್ಕಾ...’

‘ನನ್ನ ಕೈ ಮ್ಯಾಲ ನನಗೇ ಸಂಶಯ ಇತ್ತು ನೋಡು, ಅದಕ್ಕ ಮುಂದ ನೋಡ್ಲಿಲ್ಲ.’ ಮತ್ತೆ ಹೇಳಿದಳು, ‘ಇಷ್ಟು ವರ್ಷ ನಾ ಈ ಕೈಗಿ ಬೈಕೋತ ಕುಂತೆ. ನೀ ಎದುರೇ ಇದ್ದಿ. ದಿನಾ ಇದ್ದಿ. ಒಂದಿನರೆ ಬಾಯಿ ತೆರೀಲಿಲ್ಲಲ್ಲೊ.’

ನಾನು ಅವಳ ಕಾಲು ಹಿಡಿದುಕೊಂಡೆ. ಮಾಫಿ ಮಾಡು ಎಂದೆ.

‘ಕಾಲು ಬಿಡು, ಬಾವು ಬಂದಾವ, ನೋಯ್ತಾವ’ ಎಂದಳು. ‘ಮಾಫಿ ಕೇಳಬ್ಯಾಡ. ನನ್ನ ಕಡಿ ಇಲ್ಲ. ಇದ್ರ ಕೊಡ್ತಿದ್ದೆ.’

ಕೆಲವು ದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನೀರು, ಗುಳಿಗೆ, ಫ್ಯಾನು ಕಡಿಮೆ ಮಾಡು. ಮನೆಗೆ ಕರೆತಂದ ಮೇಲೆ ಒಂದು ಬೆಳಿಗ್ಗೆ ಹೇಳಿದಳು, ‘ಸಾವ್ಕಾರ್ರಿಗಿ ಹೇಳಿ ಬಾ. ಫೋನಿನ್ಯಾಗ ಅಲ್ಲ. ಹೋಗಿ, ಎದುರು ನಿಂತು ಹೇಳು.’

ಹೋದೆ. ಅದೇ ಕೋಣೆ. ಸಾಹುಕಾರರಿಗೂ ತಲೆ ಬೆಳ್ಳಗಾಗಿತ್ತು. ಎದುರು ನಿಂತು ಎಲ್ಲ ಹೇಳಿ ಮುಗಿಸಿದೆ.

‘ಆವತ್ತು ನೀ ಇಲ್ಲೇ ನಿಂತಿದ್ದಿ’ ಎಂದರು.

‘ಹೌದ್ರಿ.’

‘ನಾ ಅವರಿಗಿ ಕೆಲಸ ಬಿಡ್ರಿ ಅಂದಾಗೂ ಇಲ್ಲೇ ನಿಂತಿದ್ದಿ.’

‘ಹೌದ್ರಿ.’

‘ಥೂ ನಿನ್ನ.’ ಅವರ ಕಣ್ಣಲ್ಲಿ ನೀರಿತ್ತು. ‘ನಾ ಎಷ್ಟು ಕಾರ್ಖಾನ್ಯಾಗ ಹೇಳಿದೆ ಗೊತ್ತದ ಏನು? ಆ ಅಕ್ಕೋರ ಕಡಿ ಹೋಗಬ್ಯಾಡ್ರಿ, ಕೈ ಹೋಗ್ಯಾದ ಅಂತ. ಒಳ್ಳೇದಕ್ಕ ಹೇಳ್ತೀನಿ ಅಂತ ತಿಳ್ಕೊಂಡಿದ್ದೆ. ನನ್ನ ಬಾಯಿಗೂ ಪಾಪ ಹಚ್ಚಿದೆಲ್ಲೊ.’

ಚಹಾ ಕೊಡಲಿಲ್ಲ. ಕುಳಿತುಕೋ ಎನ್ನಲಿಲ್ಲ. ಅದು ಸರಿಯೇ ಆಗಿತ್ತು. ಆದರೆ ಮುಂದಿನ ವಾರ ತಾವೇ ಕಾರಿನಲ್ಲಿ ನಾಸಿಕ್ ರೋಡಿಗೆ ಬಂದರು. ಜೊತೆಗೆ ಹೊಸ ಬೋರ್ಡು, ಎರಡು ಪ್ರೊಸೆಸರ್, ಕ್ಯಾಬಿನೆಟ್ಟು. ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದಳು.

‘ಹೊಸಾದು ಕಟ್ಟಬೇಕಾಗ್ಯಾದ್ರಿ ಅಕ್ಕೋರ’ ಎಂದರು.

‘ಸಾವ್ಕಾರ್ರ, ನಾ ಸಂಡಾಸಕ್ಕ ಹೋಗ್ಲಾಕ ಇನ್ನೊಬ್ಬರ ಕೈ ಹಿಡೀಬೇಕು ಈಗ.’

‘ಅದಕ್ಕೇನಾತು, ಇದು ಕುಂತು ಮಾಡೋ ಕೆಲಸ ಅಲ್ಲೇನ್ರಿ?’

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ. ಮಂಚಕ್ಕೆ ಅಡ್ಡವಾಗಿ ಹಲಗೆ ಹಾಕಿಸಿದಳು. ಮೇಲಿಟ್ಟ ಡಬ್ಬಿಯನ್ನು ಇಳಿಸಿಕೊಟ್ಟೆ. ಭೂತಗನ್ನಡಿಯ ಮೇಲಿನ ಧೂಳು ಒರೆಸಿ, ಟಾರ್ಚು ಹಿಡಿದು ನನ್ನ ಎಂದಿನ ಜಾಗದಲ್ಲಿ ನಿಂತೆ. ಅಕ್ಕ ತಲೆಯೆತ್ತಿ ನೋಡಿದಳು.

‘ನೀ ಹೊರಗ ಕುಂದುರು’ ಎಂದಳು. ‘ಟಾರ್ಚು ಅವರಿಗಿ ಕೊಡು.’

ಕೊಟ್ಟೆ. ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಒಳಗಿಂದ ಪೆಟ್ಟಿಗೆ ಹರಿಯುವ ಸದ್ದು, ಅವಳ ದಮ್ಮಿನ ಸದ್ದು, ನಡುನಡುವೆ ‘ಇತ್ತ ಬೆಳಕು ತೋರಿಸ್ರಿ’ ಎನ್ನುವ ಮಾತು ಕೇಳುತ್ತಿತ್ತು. ಒಮ್ಮೆ ಏನೂ ಕೇಳಿಸದಾಯಿತು. ಅವಳು ಉಸಿರು ಒಳಗೆಳೆದಿದ್ದಾಳೆ ಎಂದು ತಿಳಿದು ನಾನೂ ಉಸಿರು ಹಿಡಿದೆ. ಆಮೇಲೆ ಲಿವರ್ ಕೂತ ಸದ್ದು. ಬಹಳ ಹೊತ್ತು ಸುಧಾರಿಸಿಕೊಂಡು ಮತ್ತೆ ಹಾಗೇ, ಎರಡನೆಯದು. ಬೇಸಿಗೆಯ ಬಿಸಿಲು ಮೆಟ್ಟಿಲಿಂದ ಅಂಗಳಕ್ಕೆ ಸರಿದಿತ್ತು. ಕೊನೆಗೆ ಸಾಹುಕಾರರು ಬಾಗಿಲಿಗೆ ಬಂದು ನನ್ನ ಕಡೆ ನೋಡದೆ, ಗಲ್ಲಿಗೆಲ್ಲ ಕೇಳುವ ಹಾಗೆ ಹೇಳಿದರು: ‘ಎರಡೂ ಕಡಿ ಬಂತು. ಪೂರಾ ಬಂತು.’

ಅವರು ಹೋದ ಮೇಲೆ ಅಕ್ಕ ನನ್ನನ್ನು ಕರೆದಳು. ಬಹಳ ದಣಿದಿದ್ದಳು. ತುಟಿ ನೀಲಿ ಬಂದಿತ್ತು.

‘ಸಾವ್ಕಾರ್ರು ಅವರ ಊರಾಗ ಹೇಳ್ತಾರ. ನೀ ಇಲ್ಲಿ ಹೇಳು. ಅಂಗಡಿಗಿ ಬಂದವರಿಗಿ ಎಲ್ಲಾರಿಗೂ ಹೇಳು.’

‘ಕೇಳಿದವರಿಗಿ ಹೇಳ್ತೀನಕ್ಕಾ.’

‘ಕೇಳಲಾರದವರಿಗೂ ಹೇಳು’ ಎಂದಳು.

ಶ್ರಾವಣ ಹುಟ್ಟುವ ಮೊದಲು ಅಕ್ಕ ಹೋದಳು. ಬೆಳಿಗ್ಗೆ ಹಾಲು ಕಾಸಿ ತರುವಷ್ಟರಲ್ಲಿ ಹೋಗಿದ್ದಳು. ಕೊನೆಯವರೆಗೂ ನನ್ನ ಊಟ ಆಯಿತೇ ಎಂದು ಕೇಳುತ್ತಿದ್ದಳು, ಅಂಗಡಿಯ ಬೀಗ ಹಾಕಿದೆಯಾ ಎಂದು ಕೇಳುತ್ತಿದ್ದಳು. ಹೋಗಲಿ ಬಿಡು ಎಂಬ ಮಾತನ್ನು ಮಾತ್ರ ಆಡಲಿಲ್ಲ. ನಾನು ಅದಕ್ಕಾಗಿ ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಿ ಯಾರನ್ನೂ ಸಮಾಧಾನ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಮಣ್ಣಿಗೆ ಸಾಹುಕಾರರು ಬಂದಿದ್ದರು. ಪೈಠಣದ ಹುಡುಗನೂ ಬಂದಿದ್ದ. ಅಲ್ಲಿ ನೆರೆದವರಿಗೆ ನಾನು ಹೇಳಿದೆ. ಅಳುವವರು ಅಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಈಗ ಅಂಗಡಿಯಲ್ಲಿ ನಾನೊಬ್ಬನೇ. ಎರಡು ಪ್ರೊಸೆಸರಿನ ಬೋರ್ಡು ಕಟ್ಟುವುದು ನನಗೆ ಬರುವುದಿಲ್ಲ. ಕಲಿಯಬಹುದಾಗಿದ್ದ ವರ್ಷಗಳಲ್ಲಿ ಕಲಿಸುವವಳ ಕೈಯನ್ನು ನಾನೇ ಕಟ್ಟಿಹಾಕಿದ್ದೆ. ಬಂದವರಿಗೆಲ್ಲ ಹೇಳುತ್ತೇನೆ. ಈ ಅಂಗಡಿ ನನ್ನ ಅಕ್ಕನದು, ಅವಳು ಒಂದು ಪಿನ್ನನ್ನೂ ಬಾಗಿಸಿದವಳಲ್ಲ, ಬಾಗಿಸಿದವನು ನಾನು ಎನ್ನುತ್ತೇನೆ. ಕೆಲವರು ಕನಿಕರಪಡುತ್ತಾರೆ. ಕೆಲವರು, ಪಾಪ, ತಲೆ ಕೆಟ್ಟಿದೆ ಎಂಬಂತೆ ಬೇಗ ಹೋಗಿಬಿಡುತ್ತಾರೆ. ಮೊನ್ನೆ ಕಾಲೇಜಿನ ಒಬ್ಬ ಹುಡುಗ ಬಂದಿದ್ದ, ರೈಲಿನ ಅವಸರದಲ್ಲಿದ್ದ. ಅವನಿಗೂ ಹಿಂದಿಯಲ್ಲಿ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, ‘ಠೀಕ್ ಹೈ ಕಾಕಾ, ವೋ ಸಬ್ ಠೀಕ್ ಹೈ, ಆಪ್ ಕೇಬಲ್ ದಿಖಾಓ’ ಎಂದ, ಅದೆಲ್ಲ ಇರಲಿ, ಕೇಬಲ್ ತೋರಿಸಿ ಎಂದು.

ಕೇಬಲ್ ತೋರಿಸಿದೆ. ಅವನು ಎರಡು ಮೂರು ನೋಡಿ ಒಂದನ್ನು ಆರಿಸಿಕೊಂಡು ಓಡಿದ. ಅವನ ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದರು. ಅವರಿಗೆ ಮತ್ತೆ ಮೊದಲಿನಿಂದ ಹೇಳಿದೆ.